ಕಣದೊಳಗಣ ಕಣ

ಕನ್ನಡದಲ್ಲಿ ‘ಕಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಕ್ಕುವ ನೆಲ ಎಂಬುದು ಒಂದು. ಅತಿ ಸಣ್ಣ ಚೂರು ಎಂಬುದು ಇನ್ನೊಂದು. ಮೊದಲನೆಯದು ತಮಿಳಿನ ‘ಕಳಂ’ ಎಂಬ ಶಬ್ದದ ಒಡಹುಟ್ಟು, ನಮ್ಮ ನೆಲದ್ದೇ ಆದ ಮಾತು. ಎರಡನೆಯದು ಸಂಸ್ಕೃತದಿಂದ ಬಂದುದು. ಉಚ್ಚಾರದಲ್ಲಿ ಇವೆರಡೂ ಒಂದಾಗಿರುವುದು ಆಕಸ್ಮಿಕವೇ ಸರಿ. ಆದರೂ ಸುಗ್ಗಿಯ ದಿನಗಳಲ್ಲಿ ಕಣದ ನಡುವೆ ಜೋಳದ ರಾಶಿ ನಿಂತಾಗ ಎರಡು ಅರ್ಥಗಳೂ ಒಂದೆಡೆ ಕೂಡುತ್ತವೆ. ರೈತನು ಆ ರಾಶಿಯನ್ನು ಪೂಜಿಸುತ್ತಾನೆ, ಅಳೆಯುತ್ತಾನೆ, ಚೀಲಕ್ಕೆ ತುಂಬುತ್ತಾನೆ. ರಾಶಿಯ ಒಡಲಲ್ಲಿ ಒಂದು ಕಾಳು ಮತ್ತೊಂದರ ಮೇಲೆ ಎಷ್ಟು ಭಾರ ಹೊರಿಸುತ್ತದೆ, ಆ ಭಾರವು ಯಾವ ಹಾದಿ ಹಿಡಿದು ನೆಲವನ್ನು ಮುಟ್ಟುತ್ತದೆ ಎಂದು ಕೇಳಿದವರು ಮಾತ್ರ ವಿರಳ. ಕೇಳಿದವರಿಗೆ ದೊರೆತ ಉತ್ತರಗಳು ಬಹಳ ವಿಲಕ್ಷಣವಾದವು. ಈ ತಿಂಗಳ ಅಂಕಣವನ್ನು ನಾವು ಆ ಉತ್ತರಗಳಿಗೆ ಮೀಸಲಿಡುತ್ತೇವೆ.

ಧರ್ಮ, ಸಂಸ್ಕಾರಗಳ ವಿಚಾರಕ್ಕಾಗಿ ಇರುವ ಪತ್ರಿಕೆಯಲ್ಲಿ ಕಾಳಿನ ಭೌತಶಾಸ್ತ್ರವೇಕೆ ಎಂದು ಕೆಲವು ಶರಣಬಂಧುಗಳು ಕೇಳಬಹುದು. ದಾಸೋಹವೆಂದರೆ ಮೊದಲು ಕಾಳು, ಆಮೇಲೆ ಉಳಿದುದೆಲ್ಲ. ನಮ್ಮ ಮಠಗಳ ಉಗ್ರಾಣಗಳಲ್ಲಿ, ಉಚಿತ ಪ್ರಸಾದ ನಿಲಯಗಳಲ್ಲಿ, ದಲಾಲಿ ಅಂಗಡಿಗಳಲ್ಲಿ, ಮನೆಯ ಅಟ್ಟದ ಮೇಲೆ ಇರುವುದು ಅದೇ. ಅದನ್ನು ತುಂಬುವವರು, ತೋಡುವವರು, ಹೊರುವವರು ಕಾಯಕಜೀವಿಗಳು. 2023ರ ಡಿಸೆಂಬರ್ ಮೊದಲ ವಾರದಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕವೊಂದು ಕುಸಿದು, ಬಿಹಾರದಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಏಳು ಮಂದಿ ಕಾರ್ಮಿಕರು ಕಾಳಿನ ಅಡಿಯಲ್ಲಿ ಸಿಲುಕಿ ಅಸುನೀಗಿದುದನ್ನು ಓದುಗರು ಮರೆತಿರಲಾರರು. ಉಣ್ಣುವ ಅನ್ನವೇ ಉಸಿರು ಕಟ್ಟಿಸುವುದು ಹೇಗೆ? ಈ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಮೊದಲು ಸೇರಿನಿಂದ ಆರಂಭಿಸೋಣ. ಜೋಳವನ್ನು ಸೇರಿಗೆ ಮೆಲ್ಲನೆ ಸುರಿದು ಮೇಲೆ ಕೈ ಸವರಿದರೆ ಒಂದು ಅಳತೆ; ಅದೇ ಸೇರನ್ನು ನಾಲ್ಕಾರು ಬಾರಿ ನೆಲಕ್ಕೆ ಕುಕ್ಕಿ ತುಂಬಿದರೆ ಇನ್ನೊಂದು ಅಳತೆ. ಕೊಡುವವನು ಒಂದು ರೀತಿ ಅಳೆದರೆ ಕೊಳ್ಳುವವನು ಇನ್ನೊಂದು ರೀತಿ ಅಳೆಯಬೇಕೆನ್ನುವುದು ಸಂತೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಎಷ್ಟು ವ್ಯತ್ಯಾಸ? ಒಂದೇ ಗಾತ್ರದ ದುಂಡನೆಯ ಗೋಲಿಗಳನ್ನು ಆದಷ್ಟು ಸಡಿಲವಾಗಿ ತುಂಬಿದರೆ ಪಾತ್ರೆಯ ಜಾಗದಲ್ಲಿ ನೂರಕ್ಕೆ ಸುಮಾರು 55 ಅಥವಾ 56 ಪಾಲು ಮಾತ್ರ ಗೋಲಿ, ಉಳಿದದ್ದು ಗಾಳಿ. ಕುಕ್ಕಿ ಕುಕ್ಕಿ ತುಂಬಿದರೆ ಅದು 64ರ ಆಸುಪಾಸಿಗೆ ಏರುತ್ತದೆ. ಅಲ್ಲಿಂದ ಮುಂದೆ ಎಷ್ಟು ಕುಕ್ಕಿದರೂ ಸುಲಭವಾಗಿ ಏರದು. ಹಣ್ಣಿನ ಅಂಗಡಿಯವನು ಕಿತ್ತಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಗೋಪುರ ಕಟ್ಟುತ್ತಾನಲ್ಲವೆ, ಆ ಕ್ರಮದಲ್ಲಿಟ್ಟರೆ 74ರವರೆಗೆ ಹೋಗಬಹುದು. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು ಜರ್ಮನಿಯ ಖಗೋಳಜ್ಞ ಕೆಪ್ಲರ್ 1611ರಲ್ಲಿ ಊಹಿಸಿದ. ಅದು ನಿಜವೆಂದು ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ಸಾಧಿಸಿ ತೋರಿಸಿದ್ದು 1998ರಲ್ಲಿ. ಹಣ್ಣಿನಂಗಡಿಯವನ ಕೈಗೆ ತಿಳಿದಿದ್ದುದು ಗಣಿತಕ್ಕೆ ಸಿಕ್ಕಲು ಹೆಚ್ಚುಕಡಿಮೆ ನಾಲ್ಕು ಶತಮಾನ ಬೇಕಾಯಿತು.

ಕುಕ್ಕಿ ತುಂಬಿದ ಕಾಳಿಗೆ ಒಂದು ವಿಚಿತ್ರ ಗುಣವಿದೆ. ಅದನ್ನು ಹಿಸುಕಿ ಆಕಾರ ಕೆಡಿಸಲು ಹೋದರೆ ಅದು ಕುಗ್ಗುವುದಿಲ್ಲ, ಹಿಗ್ಗುತ್ತದೆ. ಒತ್ತಾಗಿ ಕುಳಿತ ಕಾಳುಗಳು ಒಂದರ ಸಂದಿನಲ್ಲಿ ಇನ್ನೊಂದು ಅಡಗಿರುತ್ತವೆ. ಒಂದು ಸಾಲು ಇನ್ನೊಂದರ ಮೇಲೆ ಸರಿಯಬೇಕಾದರೆ ಸಂದಿನಿಂದ ಎದ್ದು ನೆರೆಯ ಕಾಳಿನ ತಲೆಯ ಮೇಲೇರಿ ದಾಟಬೇಕು. ಏರಲು ಜಾಗ ಬೇಕು. ಆದ್ದರಿಂದ ಇಡೀ ರಾಶಿ ಉಬ್ಬಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಬೋರ್ನ್ ರೆನಾಲ್ಡ್ಸ್ ಎಂಬುವರು 1885ರಲ್ಲಿ ಇದನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಗೋಕರ್ಣದಲ್ಲೋ ಮಲ್ಪೆಯಲ್ಲೋ ಕಡಲ ದಂಡೆಯ ಒದ್ದೆ ಮರಳಿನ ಮೇಲೆ ನಡೆದವರು ಒಂದು ದೃಶ್ಯವನ್ನು ಕಂಡಿರುತ್ತಾರೆ. ಕಾಲಿಟ್ಟೊಡನೆ ಪಾದದ ಸುತ್ತಲಿನ ಮರಳು ಕ್ಷಣಕಾಲ ಒಣಗಿದಂತೆ ಬೆಳ್ಳಗಾಗುತ್ತದೆ. ನೀರು ಒತ್ತಿಗೆ ಹೊರಬರಬೇಕಿತ್ತು, ಒಳಗೆ ಹೋಯಿತೇಕೆ? ಮರಳು ಉಬ್ಬಿತು, ಕಣಗಳ ನಡುವೆ ಜಾಗ ಹೆಚ್ಚಿತು, ಮೇಲಿನ ನೀರು ಆ ಜಾಗಕ್ಕೆ ಇಳಿಯಿತು. ರೆನಾಲ್ಡ್ಸ್ ಇದನ್ನೇ ರಬ್ಬರಿನ ಚೀಲದಲ್ಲಿ ಕಾಳಿನಂಥ ಕಣಗಳನ್ನೂ ನೀರನ್ನೂ ತುಂಬಿ ಸಭಿಕರಿಗೆ ತೋರಿಸುತ್ತಿದ್ದರು. ಚೀಲವನ್ನು ಹಿಂಡಿದರೆ ಮೇಲಿನ ಗಾಜಿನ ನಳಿಗೆಯಲ್ಲಿ ನೀರು ಏರುವ ಬದಲು ಇಳಿಯುತ್ತಿತ್ತು.

ಮನೆಯಲ್ಲಿ ಮಕ್ಕಳಿಗೆ ತೋರಿಸಬಹುದಾದ ಪ್ರಯೋಗವೊಂದು ಇದರ ಹತ್ತಿರದ ಬಂಧು. ಕೊರಳು ಕಿರಿದಾದ ಚೊಂಬಿಗೆ ಅಕ್ಕಿಯನ್ನು ಬಾಯಿಮಟ್ಟ ತುಂಬಿ, ಚೆನ್ನಾಗಿ ಕುಕ್ಕಿ, ಬೆರಳಿನಿಂದ ಅದುಮಿ ಬಿಗಿಗೊಳಿಸಿರಿ. ಅದರ ನಡುವೆ ಮರದ ಕೋಲೊಂದನ್ನು ಚುಚ್ಚಿ ತೆಗೆದು, ಮತ್ತೆ ಚುಚ್ಚಿ ತೆಗೆದು, ಐದಾರು ಬಾರಿಯಾದ ಮೇಲೆ ಆಳಕ್ಕೆ ಊರಿ ಮೆಲ್ಲನೆ ಎತ್ತಿರಿ. ಕೋಲಿನ ಜತೆ ಚೊಂಬೇ ಮೇಲೇಳುತ್ತದೆ. ಅಂಟಿಲ್ಲ, ಗಂಟಿಲ್ಲ. ಕೋಲು ಮೇಲೆ ಸರಿಯಬೇಕಾದರೆ ಸುತ್ತಲಿನ ಅಕ್ಕಿ ಉಬ್ಬಬೇಕು, ಉಬ್ಬಲು ಚೊಂಬಿನ ಗೋಡೆ ಬಿಡದು. ಹೀಗಾಗಿ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಈ ಪ್ರಯೋಗವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಒಂದು ಕಠೋರವಾದ ಸಂದರ್ಭದಲ್ಲಿ ಇದೇ ಮಾತಿಗೆ ನಾವು ಮರಳಬೇಕಾಗಿದೆ.

ಅಂಗಡಿಗಳಲ್ಲಿ ಗಾಳಿಯನ್ನು ಹೊರತೆಗೆದು ಮೊಹರು ಮಾಡಿದ ಅಕ್ಕಿ, ಬೇಳೆಗಳ ಪೊಟ್ಟಣಗಳು ದೊರೆಯುತ್ತವೆ. ಮುಟ್ಟಿದರೆ ಇಟ್ಟಿಗೆಯಂತೆ ಗಟ್ಟಿ. ಕತ್ತರಿಯ ತುದಿ ತಾಗಿಸಿದೊಡನೆ ಸುಸ್ಸೆಂದು ಗಾಳಿ ಒಳನುಗ್ಗಿ, ಇಟ್ಟಿಗೆ ಕರಗಿ ಕಾಳಾಗುತ್ತದೆ. ಅಕ್ಕಿ ಬದಲಾಗಲಿಲ್ಲ, ಸುತ್ತಲಿನ ವಾತಾವರಣವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಿದ್ದುದು ನಿಂತಿತು, ಅಷ್ಟೆ. ಹಾಗಾದರೆ ಕಾಳಿನ ರಾಶಿಯು ಘನವೋ ದ್ರವವೋ? ಎರಡೂ ಅಲ್ಲ, ಎರಡೂ ಹೌದು. ಎಷ್ಟು ಒತ್ತಾಗಿದೆ, ಎಷ್ಟು ಒತ್ತಡದಲ್ಲಿದೆ ಎಂಬುದನ್ನು ಅನುಸರಿಸಿ ಅದು ತನ್ನ ಸ್ಥಿತಿಯನ್ನು ಬದಲಿಸುತ್ತದೆ.

ಇನ್ನು ರಾಶಿಯ ಒಳಗೆ ಇಣುಕೋಣ. ಎರಡು ಕಾಳುಗಳು ಒಂದನ್ನೊಂದು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಒತ್ತಿದಾಗ ಆ ಚುಕ್ಕೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನಷ್ಟು ಒತ್ತುವುದು ಕಷ್ಟವಾಗುತ್ತದೆ. ಇದರ ಲೆಕ್ಕವನ್ನು 1880ರ ದಶಕದ ಆರಂಭದಲ್ಲಿ ಬಗೆಹರಿಸಿದವನು ಹೈನ್‌ರಿಖ್ ಹರ್ಟ್ಜ್ ಎಂಬ ಜರ್ಮನ್ ತರುಣ. ಆಕಾಶವಾಣಿಯವರು ಕಿಲೋಹರ್ಟ್ಜ್ ಎನ್ನುವಾಗ ನೆನೆಯುವುದು ಇವನನ್ನೇ. ರೇಡಿಯೋ ಅಲೆಗಳಿಗೆ ಮುನ್ನ ಅವನು ಗಮನಿಸಿದ್ದು ಒಂದನ್ನೊಂದು ಒತ್ತುವ ಗಾಜಿನ ಮಸೂರಗಳನ್ನು. ಎರಡು ಗೋಲಿಗಳನ್ನು ಒತ್ತುವ ಬಲ ಎಂಟು ಪಟ್ಟಾದರೆ ಅವು ಒಂದರೊಳಗೊಂದು ಕುಸಿಯುವ ಪ್ರಮಾಣ ನಾಲ್ಕೇ ಪಟ್ಟು. ಒತ್ತಡ ಹೆಚ್ಚಿದಂತೆ ಗೋಲಿಗಳ ಪ್ರತಿರೋಧವೂ ಹೆಚ್ಚುತ್ತದೆಂದು ಇದರರ್ಥ.

ಎರಡು ಕಾಳಿನ ಕಥೆ ಇಷ್ಟಾಯಿತು. ಸಾವಿರಾರು ಕಾಳುಗಳು ಕೂಡಿದಾಗ ಮೇಲಿನ ಭಾರವನ್ನು ಎಲ್ಲವೂ ಸಮನಾಗಿ ಹಂಚಿಕೊಳ್ಳುತ್ತವೆ ಎಂದು ಯಾರೂ ಭಾವಿಸುವುದು ಸಹಜ. ಅದು ಹಾಗಲ್ಲ. ಇದನ್ನು ಕಣ್ಣಾರೆ ಕಾಣುವ ಉಪಾಯವೊಂದಿದೆ. ಕೆಲವು ಬಗೆಯ ಪಾರದರ್ಶಕ ಪ್ಲಾಸ್ಟಿಕ್ ಒತ್ತಡಕ್ಕೆ ಸಿಕ್ಕಾಗ ತನ್ನ ಮೂಲಕ ಹಾಯುವ ಬೆಳಕಿನ ಗುಣವನ್ನು ಬದಲಿಸುತ್ತದೆ. ಅಂಥ ಬಿಲ್ಲೆಗಳನ್ನು ಕಾಳಿನಂತೆ ಒಟ್ಟಿ, ಹಿಂದೆ ಮುಂದೆ ಬೆಳಕನ್ನು ಸೋಸುವ ಫಲಕಗಳನ್ನಿಟ್ಟು ನೋಡಿದರೆ, ಒತ್ತಡವಿಲ್ಲದ ಬಿಲ್ಲೆ ಕತ್ತಲಾಗಿಯೂ ಒತ್ತಡವುಳ್ಳದ್ದು ಬೆಳಕಾಗಿಯೂ ಕಾಣುತ್ತದೆ. ಫ್ರಾನ್ಸಿನ ಇಂಜಿನಿಯರ್ ದಾಂತು 1957ರಲ್ಲಿ ಈ ಬಗೆಯ ಚಿತ್ರಗಳನ್ನು ಪ್ರಕಟಿಸಿದರು. ಅನಂತರ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬೆರಿಂಜರ್ ಅವರು ದಶಕಗಳ ಕಾಲ ಇದನ್ನೇ ಸಾಧನೆ ಮಾಡಿ, 2005ರಲ್ಲಿ ತಮ್ಮ ಶಿಷ್ಯ ಮಜ್ಮುದಾರರೊಡನೆ ಒಂದೊಂದು ಬಿಲ್ಲೆ ಇನ್ನೊಂದನ್ನು ತಾಗುವ ಕಡೆಯಲ್ಲೆಲ್ಲ ಬಲ ಎಷ್ಟೆಂದು ಅಳೆದು ತೋರಿಸಿದರು.

ಆ ಚಿತ್ರಗಳಲ್ಲಿ ಕಾಣುವುದು ಏನು? ಕತ್ತಲ ಬಯಲಿನಲ್ಲಿ ಕೊಂಬೆಕೊಂಬೆಯಾಗಿ ಹರಡಿದ ಮಿಂಚಿನಂತೆ ಹೊಳೆಯುವ ಗೆರೆಗಳು. ಮೇಲಿನ ಭಾರವೆಲ್ಲ ಕೆಲವು ಕಾಳುಗಳ ಸರಪಳಿಗಳ ಮೂಲಕ ಇಳಿಯುತ್ತದೆ. ಸರಪಳಿಯೊಳಗಿನ ಕಾಳು ಸರಾಸರಿಗಿಂತ ಹಲವು ಪಟ್ಟು ಹೊರುತ್ತದೆ. ಅದರ ಮಗ್ಗುಲಿನದು ಬಹಳ ಕಡಿಮೆ ಹೊರುತ್ತದೆ. ಕೆಲವು ಕಾಳುಗಳಂತೂ ಸುತ್ತಲಿನವರ ಆಸರೆಯ ಗೂಡಿನಲ್ಲಿ ಏನನ್ನೂ ಹೊರದೆ ಅಲುಗಾಡುತ್ತ ಕುಳಿತಿರುತ್ತವೆ. ಬದಿಯಿಂದ ಸ್ವಲ್ಪ ತಟ್ಟಿದರೆ ಒಂದು ಸರಪಳಿ ಮುರಿದು ಬೇರೊಂದು ಕಡೆ ಹೊಸದು ಹುಟ್ಟುತ್ತದೆ. ಈವರೆಗೆ ಆರಾಮವಾಗಿದ್ದ ಕಾಳಿನ ತಲೆಯ ಮೇಲೆ ಭಾರ ಬೀಳುತ್ತದೆ. ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಸ್ವಲ್ಪವೇ ಹೊರುವ ಕಾಳುಗಳನ್ನು ನಿರುಪಯೋಗಿ ಎನ್ನುವಂತಿಲ್ಲ. ಉದ್ದನೆಯ ಸರಪಳಿಯು ತಾನಾಗಿ ನೆಟ್ಟಗೆ ನಿಲ್ಲಲಾರದು. ಒಂದರ ಮೇಲೊಂದು ಗೋಲಿಗಳನ್ನಿಟ್ಟು ಕಂಬ ಕಟ್ಟಲು ಯಾರಿಂದ ಸಾಧ್ಯ? ಇಕ್ಕೆಲದಲ್ಲಿ ಮೆಲ್ಲನೆ ಒತ್ತಿ ಹಿಡಿದ ಸಾಮಾನ್ಯ ಕಾಳುಗಳ ಬೆಂಬಲದಿಂದಲೇ ಅದು ಬಾಗದೆ ನಿಂತಿರುತ್ತದೆ.

ಇಷ್ಟು ಓದಿದೊಡನೆ ನಮ್ಮ ಉಪನ್ಯಾಸಕ ಮಿತ್ರರಿಗೆ ಸಮಾಜದ ಉಪಮೆ ಹೊಳೆದಿರುತ್ತದೆ. ಮುಂದಿನ ಶ್ರಾವಣದ ಪ್ರವಚನಕ್ಕೆ ವಸ್ತು ಸಿಕ್ಕಿತು ಎಂದು ಕೆಲವರು ಗುರುತು ಹಾಕಿಕೊಂಡಿರಲೂ ಸಾಕು. ನಮ್ಮ ಮಾತು ಕೇಳುವುದಾದರೆ ಆ ಆಸೆಯನ್ನು ತುಸು ಹಿಡಿದಿಡಿರಿ. ಕಾಳಿಗೆ ಇಚ್ಛೆಯಿಲ್ಲ, ನ್ಯಾಯ ಅನ್ಯಾಯಗಳ ಅರಿವಿಲ್ಲ. ಎಲ್ಲಿ ಬಿದ್ದಿತೋ ಅಲ್ಲಿ ಹೊರುತ್ತದೆ. ಮನುಷ್ಯ ಸಮಾಜದಲ್ಲಿ ಭಾರ ಕೆಲವರ ಹೆಗಲಿಗೇ ಬೀಳುವುದನ್ನು ಪ್ರಕೃತಿ ನಿಯಮವೆಂದು ಒಪ್ಪಿಸಲು ಈ ಚಿತ್ರ ಉಪಯೋಗಕ್ಕೆ ಬರಬಾರದು. ಹನ್ನೆರಡನೆಯ ಶತಮಾನದ ಶರಣರು ಎದ್ದುನಿಂತದ್ದೇ ಅಂಥ ಒಪ್ಪಿಗೆಯ ವಿರುದ್ಧವಾಗಿ.

ವಿಷಯಕ್ಕೆ ಬರೋಣ. ಸರಪಳಿಗಳು ನೆಟ್ಟಗೆ ಕೆಳಕ್ಕೇ ಇಳಿಯುವುದಿಲ್ಲ. ಓರೆಯಾಗಿ ಹರಡಿ ಗೋಡೆಗೆ ತಾಗುತ್ತವೆ. ಗೋಡೆಗೆ ತಾಗಿದ ಕಾಳು ಅದನ್ನು ಒತ್ತುತ್ತದೆ, ಒತ್ತಿದ ಕಡೆ ತಿಕ್ಕಾಟವುಂಟಾಗುತ್ತದೆ, ತಿಕ್ಕಾಟವು ಕಾಳನ್ನು ಜಾರದಂತೆ ಹಿಡಿಯುತ್ತದೆ. ಒತ್ತುವ ಬಲ ಹೆಚ್ಚಿದಷ್ಟೂ ತಿಕ್ಕಾಟದ ಹಿಡಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂಬುದನ್ನು ಮಣ್ಣಿನ ಒಡ್ಡುಗಳ ಸಂಬಂಧದಲ್ಲಿ ಫ್ರೆಂಚ್ ಸೈನ್ಯದ ಇಂಜಿನಿಯರ್ ಕುಲಾಂ 1773ರಲ್ಲಿಯೇ ಬಳಸಿಕೊಂಡಿದ್ದ. ಇದರ ಫಲವೇನಾಗುತ್ತದೆಂದು ಜರ್ಮನಿಯ ಬ್ರೆಮೆನ್ ನಗರದ ಯಾನ್ಸೆನ್ ಎಂಬ ಇಂಜಿನಿಯರು ತಕ್ಕಡಿ ಹಿಡಿದು ಅಳೆದು, 1895ರಲ್ಲಿ ಪ್ರಕಟಿಸಿದ. ಸಣ್ಣ ಕಣಜಗಳ ಮಾದರಿಗಳಿಗೆ ಧಾನ್ಯ ತುಂಬುತ್ತ ತಳದ ಮೇಲೆ ಎಷ್ಟು ಭಾರ ಬೀಳುತ್ತದೆಂದು ಅವನು ನೋಡಿದ. ನೀರಾಗಿದ್ದರೆ ಎತ್ತರ ಏರಿದಷ್ಟೂ ತಳದ ಭಾರ ಏರುತ್ತಲೇ ಹೋಗಬೇಕು. ಧಾನ್ಯದಲ್ಲಿ ಹಾಗಾಗಲಿಲ್ಲ. ಒಂದು ಮಟ್ಟದ ಮೇಲೆ ಎಷ್ಟು ಸುರಿದರೂ ತಳಕ್ಕೆ ಅದು ತಿಳಿಯಲೇ ಇಲ್ಲ.

ಸ್ಥೂಲವಾದ ಲೆಕ್ಕ ಹೇಳುವುದಾದರೆ, ಗೋಡೆಯ ಒರಟುತನ, ಕಾಳಿನ ಜಾತಿಗಳನ್ನು ಅನುಸರಿಸಿ ಹೆಚ್ಚುಕಡಿಮೆಯಾದರೂ, ಉದ್ದನೆಯ ದುಂಡು ಕಣಜದ ತಳದ ಒತ್ತಡವು ಅದರ ಅಡ್ಡಗಲದ ಸುಮಾರು ಒಂದೂವರೆ ಪಟ್ಟು ಎತ್ತರದ ಧಾನ್ಯದ ಒತ್ತಡವನ್ನು ಮೀರಲಾರದು. ನಾಲ್ಕು ಮೀಟರ್ ಅಡ್ಡಗಲದ, ಇಪ್ಪತ್ತು ಮೀಟರ್ ಎತ್ತರದ ಕಣಜವಿದೆ ಎನ್ನೋಣ. ತಳಕ್ಕೆ ಹತ್ತುವುದು ಸುಮಾರು ಆರು ಮೀಟರ್ ಧಾನ್ಯದ ಭಾರ. ಉಳಿದ ಹದಿನಾಲ್ಕು ಮೀಟರಿನ ಭಾರವೆಲ್ಲಿ ಹೋಯಿತು? ಗೋಡೆ ಹೊತ್ತಿತು. ತಳವನ್ನು ಗಟ್ಟಿಯಾಗಿ ಕಟ್ಟಿ ಗೋಡೆಯನ್ನು ಹಗುರವಾಗಿ ಕಟ್ಟಿದವನು ತಪ್ಪು ಕಡೆ ಹಣ ಹಾಕಿದಂತಾಯಿತು. ತೆಳು ತಗಡಿನ ಕಣಜಗಳು ಹೊರಕ್ಕೆ ಸಿಡಿಯುವುದಕ್ಕೆ ಹೇಗೋ ಹಾಗೆಯೇ ಮೇಲಿನಿಂದ ತಿಕ್ಕಾಟದಿಂದ ಇಳಿಯುವ ಭಾರಕ್ಕೆ ಸೊಂಟ ಮುರಿದು ಸೊಟ್ಟಗಾಗುವುದಕ್ಕೂ ಈಡಾಗುತ್ತವೆ. ಇನ್ನೂ ಅಪಾಯದ ಗಳಿಗೆ ಧಾನ್ಯವನ್ನು ಹೊರಬಿಡಲು ತೊಡಗಿದಾಗಿನದು. ನಿಂತ ರಾಶಿಯ ಸರಪಳಿಗಳು ಮುರಿದು ಹೊಸ ದಿಕ್ಕಿಗೆ ಹೊರಳುವಾಗ ಗೋಡೆಯ ಕೆಲವು ಭಾಗಗಳ ಮೇಲೆ ಒತ್ತಡ ಹಲವು ಪಟ್ಟು ಏರುತ್ತದೆ. ಕಂಡಿ ನಡುವಿನಲ್ಲಿರದೆ ಒಂದು ಪಕ್ಕಕ್ಕಿದ್ದರಂತೂ ಒಂದು ಕಡೆ ಒತ್ತಡ ಇಳಿದು ಇನ್ನೊಂದು ಕಡೆ ಏರಿ, ಗೋಡೆ ದುಂಡಗಿನ ಆಕಾರವನ್ನೇ ಕಳೆದುಕೊಳ್ಳಬಹುದು. ತುಂಬಿದಾಗ ನಿಂತ ಕಣಜ ಖಾಲಿ ಮಾಡುವಾಗ ಬೀಳುವುದು ಹೀಗೆ. ಸಂಘ ಸಂಸ್ಥೆಗಳವರು ಊರ ಬೆಸುಗೆಯವನಿಂದ ಅಂದಾಜಿನ ಮೇಲೆ ಎತ್ತರದ ಕಣಜ ಮಾಡಿಸುವುದನ್ನು ನಾವು ಖಂಡಿತವಾಗಿ ಒಪ್ಪೆವು. ಅದರ ಲೆಕ್ಕವನ್ನು ಓದಿದ ಇಂಜಿನಿಯರೇ ಹಾಕಬೇಕು.

ನಮ್ಮ ಹಿರಿಯರ ಹಗೇವು ಈ ತೊಡಕಿನಿಂದ ದೂರವಿತ್ತು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆಗಳ ಸೀಮೆಯ ಹಳೆಯ ಮನೆಗಳವರಿಗೆ ಹಗೇವೆಂದರೇನೆಂದು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇವೆ: ನೀರು ಜಿನುಗದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಅಗಲವಾಗಿ ತೋಡಿದ ಗುಂಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮುಚ್ಚುವುದು. ಕಾಳು ಎಷ್ಟು ಒತ್ತಿದರೂ ಅದಕ್ಕೆ ಎದುರಾಗಿ ನಿಲ್ಲುವುದು ಇಡೀ ಭೂಮಿ. ಅಲ್ಲಿ ಗೋಡೆ ಸಿಡಿಯುವ ಮಾತಿಲ್ಲ. ಗಾಳಿಯಾಡದ್ದರಿಂದ ಹುಳಕ್ಕೂ ಬದುಕಿಲ್ಲ. ಆದರೆ ಹುಳಕ್ಕೆ ಬದುಕಿಲ್ಲದ ಕಡೆ ಮನುಷ್ಯನಿಗೂ ಇಲ್ಲ. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತೀರಿ, ಅದರ ಸ್ಥಳದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಬಾಯಿ ತೆರೆದರೂ ತಾನಾಗಿ ಹೊರಬರುವುದಿಲ್ಲ. ದೀಪ ಇಳಿಬಿಟ್ಟು ನೋಡುವ ಪದ್ಧತಿಯನ್ನು ಹಿರಿಯರು ಹೇಳಿಕೊಟ್ಟಿದ್ದಾರೆ. ಆರಿದ ದೀಪ ಕೊಡುವ ಎಚ್ಚರಿಕೆ ಸತ್ಯವಾದುದು; ಆರದ ದೀಪ ಕೊಡುವ ಅಭಯವನ್ನು ಮಾತ್ರ ಪೂರ್ತಿ ನಂಬಬಾರದು. ದೀಪ ಉರಿಯುವಷ್ಟು ಆಮ್ಲಜನಕವಿದ್ದೂ ಮನುಷ್ಯನಿಗೆ ತಲೆ ತಿರುಗುವಷ್ಟು ಕೆಟ್ಟ ಗಾಳಿ ಇರಬಲ್ಲದು. ಬಾಯಿ ತೆರೆದು, ಗಾಳಿ ಊದಿಸಿ, ಸಾಕಷ್ಟು ಕಾಲ ಬಿಟ್ಟ ಮೇಲೆಯೇ, ಮೇಲಿನವರ ಕೈಯಲ್ಲಿ ಹಗ್ಗವಿರುವಂತೆ ಇಳಿಯಬೇಕು. ಒಳಗೆ ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಇಳಿದವನೂ ಅಲ್ಲಿಯೇ ಉಳಿಯುತ್ತಾನೆ.

ಕಣದ ಮೇಲಿನ ತೆರೆದ ರಾಶಿಗೆ ಗೋಡೆಯಿಲ್ಲ. ಒಣಗಿದ ಕಾಳು ಸುಮಾರು 30 ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಜಾರುತ್ತದೆ. ಶಿಖರದ ನೇರ ಕೆಳಗೆ ನೆಲದ ಮೇಲೆ ಒತ್ತಡ ಅತ್ಯಧಿಕವೆಂದು ತೋರುವುದಲ್ಲವೆ? ಒಂದೇ ಬಿಂದುವಿನಿಂದ ಸುರಿದು ಮಾಡಿದ ರಾಶಿಯಲ್ಲಿ ಶಿಖರದಡಿಯ ಒತ್ತಡ ಸುತ್ತಲಿನದಕ್ಕಿಂತ ಕಡಿಮೆಯಿರುತ್ತದೆ. ಅದೇ ಮರಳನ್ನು ಜರಡಿಯಿಂದ ಮಳೆಯಂತೆ ಎಲ್ಲೆಡೆ ಉದುರಿಸಿ ಅದೇ ಆಕಾರದ ರಾಶಿ ಮಾಡಿದರೆ ಆ ತಗ್ಗು ಕಾಣುವುದಿಲ್ಲ. ನೋಡಲು ಎರಡೂ ಒಂದೇ. ಒಳಗಿನ ಸರಪಳಿಗಳು ಬೇರೆ. ತಾನು ಹೇಗೆ ಹುಟ್ಟಿದೆನೆಂಬುದನ್ನು ರಾಶಿ ಮರೆಯುವುದಿಲ್ಲ.

ಈಗ ಆ ಕಠೋರವಾದ ಸಂದರ್ಭ. ಕಣಜದ ಅಥವಾ ದೊಡ್ಡ ರಾಶಿಯ ತಳದಿಂದ ಕಾಳನ್ನು ಹೊರಬಿಡುವಾಗ ಕಂಡಿ ಕಿರಿದಾಗಿದ್ದರೆ ಹರಿವು ಕಟ್ಟಿಕೊಳ್ಳುತ್ತದೆ. ಕಂಡಿಯು ಕಾಳಿನ ಗಾತ್ರದ ಐದಾರು ಪಟ್ಟು ಅಗಲವಾಗಿರದಿದ್ದರೆ ಕಾಳುಗಳು ಒಂದಕ್ಕೊಂದು ಹೆಗಲು ಕೊಟ್ಟು ಕಮಾನು ಕಟ್ಟುತ್ತವೆ. ಶಿಲ್ಪಿಯಿಲ್ಲದ, ಗಾರೆಯಿಲ್ಲದ ಕಮಾನು. ಕಾಳು ತೇವಗೊಂಡಿದ್ದರೆ ದೊಡ್ಡ ಕಂಡಿಯೂ ಕಟ್ಟುತ್ತದೆ. ವಿಭೂತಿ ಗಟ್ಟಿ ಮಾಡುವ ತಾಯಂದಿರು ಇದನ್ನು ಬಲ್ಲರು: ಒಣ ಬೂದಿ ಬೆರಳ ಸಂದಿನಿಂದ ಸೋರುತ್ತದೆ, ಹದವಾಗಿ ನೀರು ಬೆರೆತಾಗ ಕಣಕಣದ ನಡುವೆ ನೀರು ಸೇತುವೆಯಾಗಿ ಉಂಡೆ ನಿಲ್ಲುತ್ತದೆ, ನೀರು ಹೆಚ್ಚಾದರೆ ಮತ್ತೆ ಹರಿಯುತ್ತದೆ. ತೇವದ ಕಾಳಿಗೆ ಬೂಷ್ಟೂ ಸೇರಿದರೆ ಮೇಲ್ಭಾಗ ಹಪ್ಪಳದಂತೆ ಗಟ್ಟಿಗಟ್ಟುತ್ತದೆ. ಕೆಳಗಿನ ಕಾಳು ಹೊರಹೋಗಿ ನಡುವೆ ಪೊಳ್ಳು ಉಳಿಯುತ್ತದೆ. ಮೇಲೆ ನಿಂತವನಿಗೆ ಅದು ತಿಳಿಯದು. ಹರಿವು ನಿಂತಿತೆಂದು ಗಡಾರಿ ಹಿಡಿದು ರಾಶಿಯ ಮೇಲೇರಿ ಚುಚ್ಚುವವನು ಯಾರು? ಹಮಾಲನು, ಅಥವಾ ಹುರುಪಿನ ಹುಡುಗನು.

ನಿಂತ ಕಾಳಿನ ಮೇಲೆ ನಿಂತವನು ಪಾದ ಮುಳುಗುವಷ್ಟು ಕುಸಿದು ನಿಲ್ಲುತ್ತಾನೆ. ಕೆಳಗಿನಿಂದ ಕಾಳು ಹರಿಯುತ್ತಿದ್ದರೆ ಆಸರೆಯ ಸರಪಳಿಗಳೇ ಇರುವುದಿಲ್ಲ. ದೊಡ್ಡ ಕಣಜಗಳಲ್ಲಿ ಅರ್ಧ ನಿಮಿಷದೊಳಗೆ ಮನುಷ್ಯನೊಬ್ಬ ತಲೆಯವರೆಗೂ ಮುಳುಗಬಲ್ಲ. ಹರಿವು ನಿಂತ ಮರುಗಳಿಗೆ ಸುತ್ತಲಿನ ಕಾಳು ಘನವಾಗುತ್ತದೆ. ಉಸಿರು ಬಿಟ್ಟಾಗ ಎದೆ ಕುಗ್ಗಿ ಆದ ಜಾಗಕ್ಕೆ ಕಾಳು ಸರಿದು ಕೂಡುತ್ತದೆ. ಮತ್ತೆ ಉಸಿರೆಳೆಯಲು ಎದೆ ಹಿಗ್ಗಬೇಕಾದರೆ ಆ ಕಾಳನ್ನು ಹಿಂದಕ್ಕೆ ತಳ್ಳಬೇಕು, ತಳ್ಳಿದರೆ ಅದು ಬಿಗಿಯುತ್ತದೆ. ಸುತ್ತಲಿನವರು ಗಾಬರಿಯಿಂದ ಮಾಡುವ ಮೊದಲ ಕೆಲಸ ಕೈ ಹಿಡಿದೋ ಹಗ್ಗ ಕಟ್ಟಿಯೋ ಎಳೆಯುವುದು. ಅಕ್ಕಿಯ ಚೊಂಬಿನ ಕೋಲನ್ನು ನೆನೆಯಿರಿ. ಸೊಂಟದವರೆಗೆ ಹೂತವನನ್ನು ಮೇಲೆತ್ತಲು ಅವನ ತೂಕದ ಎರಡು ಪಟ್ಟನ್ನೂ ಮೀರಿದ ಬಲ ಬೇಕಾಗುತ್ತದೆ, ಎದೆಯವರೆಗಾದರೆ ಇನ್ನೂ ಬಹಳ ಹೆಚ್ಚು. ಕಾಳು ಬಿಡುವ ಮೊದಲು ಬೆನ್ನುಮೂಳೆ, ಭುಜದ ಕೀಲುಗಳು ಬಿಟ್ಟುಕೊಡುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕಂಡಿಯನ್ನು ಮುಚ್ಚಬೇಕು, ಯಂತ್ರವಿದ್ದರೆ ನಿಲ್ಲಿಸಬೇಕು. ಕಾಳನ್ನು ಹೊರಬಿಟ್ಟು ಖಾಲಿ ಮಾಡುವೆವೆಂದು ಹೊರಟರೆ ಅವನನ್ನು ಇನ್ನೂ ಕೆಳಕ್ಕೆ ಎಳೆದಂತಾಗುತ್ತದೆ. ಕೂಡಲೇ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಯಬೇಕು. ತಲೆ ಹೊರಗಿರುವವನ ಸುತ್ತ ಯಾರೂ ಓಡಾಡಬಾರದು. ಒಂದೊಂದು ಹೆಜ್ಜೆಯೂ ಕಾಳನ್ನು ಅವನತ್ತ ನೂಕುತ್ತದೆ. ಹತ್ತಿರ ಹೋಗಲೇಬೇಕಾದವನು ಅಗಲವಾದ ಹಲಗೆ ಹಾಸಿ ಅದರ ಮೇಲೆ ಕೂಡಬೇಕು. ನುರಿತ ರಕ್ಷಕರು ಹೂತವನ ಸುತ್ತ ತಗಡು ಅಥವಾ ಹಲಗೆಗಳನ್ನು ಒಂದೊಂದಾಗಿ ಕಾಳಿನೊಳಗೆ ಇಳಿಸಿ ಬಾವಿಯ ಉಂಗುರದಂತೆ ಆವರಣ ಕಟ್ಟುತ್ತಾರೆ. ಹೊರಗಿನ ರಾಶಿಯ ಒತ್ತಡವನ್ನು ಆವರಣ ತಡೆಯುತ್ತದೆ. ಒಳಗಿನ ಕಾಳನ್ನು ಬೊಗಸೆಬೊಗಸೆಯಾಗಿ, ಚೊಂಬಿನಿಂದಲೋ ತಂಬಿಗೆಯಿಂದಲೋ ತೋಡಿ ಹೊರಹಾಕಿದಂತೆ ಅವನ ಎದೆ, ಸೊಂಟ, ತೊಡೆಗಳು ಬಿಡುಗಡೆಯಾಗುತ್ತವೆ. ಎಳೆಯುವ ಅಗತ್ಯವೇ ಬೀಳುವುದಿಲ್ಲ.

ಮಠಗಳ ಉಗ್ರಾಣಿಕರಿಗೂ, ಪ್ರಸಾದ ನಿಲಯಗಳ ವ್ಯವಸ್ಥಾಪಕರಿಗೂ, ಅಡತಿ ವ್ಯಾಪಾರದಲ್ಲಿರುವ ನಮ್ಮ ಸಮಾಜ ಬಾಂಧವರಿಗೂ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ವಿದ್ಯಾರ್ಥಿಗಳನ್ನು ಸೇವೆಯ ಹೆಸರಿನಲ್ಲಿ ಕಾಳಿನ ರಾಶಿಯ ಮೇಲೆ ಹತ್ತಿಸಬೇಡಿರಿ. ಅಕ್ಕಿ ಆರಿಸಲಿ, ಪ್ರಸಾದ ಬಡಿಸಲಿ, ತಾಟು ತೊಳೆಯಲಿ, ಅದೂ ಸೇವೆಯೇ. ಹರಿಯುವ ಕಾಳಿನ ಮೇಲೆ ಯಾರೂ ನಿಲ್ಲಕೂಡದು, ಕೂಲಿಯವನೂ ಕೂಡದು. ಕಟ್ಟಿಕೊಂಡ ಕಂಡಿಯನ್ನು ಹೊರಗೆ ನಿಂತು ಉದ್ದ ಕೋಲಿನಿಂದ ಬಿಡಿಸಬೇಕು. ಬುಡದಲ್ಲಿ ತೋಡಿದ ರಾಶಿಯ ಗೋಡೆ ಆಳೆತ್ತರಕ್ಕೆ ನೆಟ್ಟಗೆ ನಿಂತಿದ್ದರೆ ಅದರ ಅಡಿಯಲ್ಲಿ ನಿಲ್ಲಬಾರದು; ಅದನ್ನು ನಿಲ್ಲಿಸಿರುವುದು ತೇವ, ತೇವ ಆರಿದ ಗಳಿಗೆ ಅದು ಕೆಳಗಿರುತ್ತದೆ. ಚೀಲಗಳ ನಿಟ್ಟಿಗೂ ಇದೇ ನ್ಯಾಯ. ಕೆಳಗಿನ ಸಾಲಿನಿಂದ ಒಂದು ಚೀಲ ಕಿತ್ತರೆ ಮೇಲಿನ ಭಾರ ಹೊಸ ಹಾದಿ ಹುಡುಕುತ್ತದೆ, ಸಿಗದಿದ್ದರೆ ಉರುಳುತ್ತದೆ. ನಿಟ್ಟನ್ನು ಮೇಲಿನಿಂದಲೇ ಮೆಟ್ಟಿಲುಮೆಟ್ಟಿಲಾಗಿ ಇಳಿಸತಕ್ಕದ್ದು. ಮನೆ ಕಟ್ಟಿಸುವವರ ಅಂಗಳದಲ್ಲಿ ಸುರಿದ ಮರಳಿನ ಗುಡ್ಡೆಯಲ್ಲಿ ಮಕ್ಕಳು ಗವಿ ತೋಡುವುದುಂಟು. ರಾತ್ರಿಯ ಇಬ್ಬನಿಗೆ ತೇವಗೊಂಡ ಮರಳು ಬೆಳಿಗ್ಗೆ ಗವಿಗೆ ಆಸರೆ ಕೊಡುತ್ತದೆ, ಮಧ್ಯಾಹ್ನದ ಬಿಸಿಲಿಗೆ ಆ ಆಸರೆ ಹೋಗುತ್ತದೆ. ತಲೆ ಒಳಗಿಟ್ಟು ಆಡುವ ಮಗುವನ್ನು ಕಂಡರೆ ಯಾರ ಮಗುವೆಂದು ನೋಡದೆ ಎಬ್ಬಿಸಿ ಕಳುಹಿಸಿರಿ.